ಸಿಡಿಲಿನ ತಲೆಗೆ ಕಟ್ಟಿದ ತಪ್ಪು

ಬೋರ್ಡು ಬರೆದವನು ಒಂದು ದೀರ್ಘವನ್ನು ನುಂಗಿಬಿಟ್ಟಿದ್ದ. ‘ಚೇತನಾ’ ಎಂದಿರಬೇಕಾದಲ್ಲಿ ‘ಚೇತನ ನೆಟ್‌ವರ್ಕ್ಸ್’ ಎಂದಾಗಿತ್ತು. ತಿದ್ದಿಸೋಣ ತಿದ್ದಿಸೋಣ ಎನ್ನುತ್ತಲೇ ಆರು ತಿಂಗಳು ಕಳೆದಿತ್ತು.

ಅದಕ್ಕೇ, ಎರಡು ಸಾವಿರದ ಏಳರ ನವೆಂಬರಿನ ಒಂದು ಶನಿವಾರ, ಸಿರ್ಸಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಅಂಗಡಿಗೆ ಬಂದ ಯುವಕ, ಒಳಮೇಜಿನ ಹಿಂದೆ ಕೂತಿದ್ದವಳನ್ನು ನೋಡಿ ಕೇಳಿದ, "ಚೇತನ ಅವರು ಎಲ್ಲಿ ಹೋಗಿದಾರೆ?"

ಅವಳು ತಲೆ ಎತ್ತಿದಳು. ಕೈಯಲ್ಲಿ ಬಿಚ್ಚಿದ ರೂಟರ್ ಇತ್ತು. ಅವನ ಬೂಟಿಗೆ ಪಾದ ಮುಳುಗುವಷ್ಟು ಕೆಸರು, ಹೆಗಲಿಗೆ ಜೋತುಬಿದ್ದ ಚೀಲ, ಕೂದಲಲ್ಲಿ ಒಂದು ಒಣ ಎಲೆ.

"ಎಂತ ಕೆಲಸ ಇತ್ತು?"

"ಅವರ ಹತ್ರಾನೇ ಮಾತಾಡ್ಬೇಕು. ಸ್ವಲ್ಪ ಟೆಕ್ನಿಕಲ್ ವಿಷಯ."

"ಓಹೋ, ಟೆಕ್ನಿಕಲ್ಲಾ? ಹಂಗಾದ್ರೆ ಒಂದು ತಾಸು ಬಿಟ್ಟು ಬನ್ನಿ."

ಅಂಗಡಿಯ ಮುಂಭಾಗದಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಅಂದಾನಪ್ಪ ಮೀಸೆಯೊಳಗೇ ನಕ್ಕ. ಅಂಗಡಿ ಅವನದು. ಹಾವೇರಿ ಕಡೆಯವನು, ಸಿರ್ಸಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಬದಲಾಗಿರಲಿಲ್ಲ. ಹಿಂದಿನ ಕೋಣೆಯನ್ನು ಚೇತನಾಳಿಗೆ ಬಿಟ್ಟುಕೊಟ್ಟಿದ್ದ.

ಯುವಕ ಸರಿಯಾಗಿ ಒಂದು ತಾಸಿಗೆ ವಾಪಸು ಬಂದ. ಅದೇ ಕುರ್ಚಿಯಲ್ಲಿ ಅದೇ ಹುಡುಗಿ.

"ಬಂದ್ರಾ ಅವರು?"

"ಬಂದ್ರು. ಕೂತ್ಕೊಳ್ಳಿ."

"ಎಲ್ಲಿ?"

"ನಿಮ್ಮೆದುರಿಗೇ ಇದಾಳಲ್ಲ."

ಮುಖಕ್ಕಿಂತ ಮೊದಲು ಅವನ ಕಿವಿ ಕೆಂಪಾಯಿತು. ಚೇತನಾ ಅದನ್ನು ನೋಡಿದಳು. ಆಮೇಲೆ ಯಾವಾಗಲೂ ಮೊದಲು ಅವನ ಕಿವಿಯನ್ನೇ ನೋಡುವುದು ಅಭ್ಯಾಸವಾಯಿತು.

ಆ ಒಂದು ತಾಸು ಅವಳು ಅವನಿಗೆ ಹೇಳಿದ ಮೊದಲ ಸುಳ್ಳು. ಇಬ್ಬರೂ ನಕ್ಕು ಮರೆತ ಸುಳ್ಳು.

*

ಅವನ ಹೆಸರು ಸುಮಂತ ಭಟ್ಟ. ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ವಜ್ರಳ್ಳಿಯ ಹತ್ತಿರ.

"ಟೆಲಿಫೋನ್ ಲೈನು ರಸ್ತೆ ಪಕ್ಕದ ಕೆರಿಯಪ್ಪನ ಮನೆ ತನಕ ಮಾತ್ರ ಬರ್ತದೆ," ಎಂದ. "ನಮ್ಮನೆ ಗದ್ದೆ ಆಚೆ ದಿಬ್ಬದ ಮೇಲೆ. ನಡುವೆ ಮುಕ್ಕಾಲು ಕಿಲೋಮೀಟರ್. ಅವನ ಮನೆಗೆ ಬಂದ ಬ್ರಾಡ್‌ಬ್ಯಾಂಡನ್ನ ಗದ್ದೆ ದಾಟಿಸ್ಬೇಕು. ಆಗ್ತದಾ?"

"ಎಂತಕ್ಕೆ ಬೇಕು ಇಂಟರ್ನೆಟ್ಟು?"

"ಕಪ್ಪೆಗೆ."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಎಂತಾ?"

ಅವನು ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುತ್ತಿದ್ದ. ಏಳು ವರ್ಷದಿಂದ. ಯಾವ ಹಳ್ಳದಲ್ಲಿ ಯಾವ ಜಾತಿ, ಯಾವ ತಿಂಗಳು ಕೂಗು ಶುರು, ಎಲ್ಲ ಬರೆದಿಟ್ಟಿದ್ದ. ಆ ಧ್ವನಿಗಳನ್ನು ದೂರದ ಸಂಶೋಧಕರಿಗೆ ಕಳಿಸಬೇಕಿತ್ತು. ಅದಕ್ಕಾಗಿ ವಾರಕ್ಕೊಮ್ಮೆ ಯಲ್ಲಾಪುರದ ಸೈಬರ್‌ಗೆ ಹೋಗಿ ಕಾದು ಕೂರುತ್ತಿದ್ದ.

ಚೇತನಾ ಎರಡು ರೂಟರ್ ತೆಗೆದು ಮೇಜಿನ ಮೇಲಿಟ್ಟಳು. ಹುಬ್ಬಳ್ಳಿಯ ಆಫೀಸುಗಳು ಬಿಸಾಡಿದ್ದನ್ನು ಅಂದಾನಪ್ಪ ಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ಅವಳು ಒಂದೊಂದನ್ನೂ ಬಿಚ್ಚಿ, ಧೂಳು ಒರೆಸಿ, ಉಬ್ಬಿದ ಕೆಪಾಸಿಟರ್ ಬದಲಿಸಿ, ಕಂಪನಿಯವರು ಹಾಕಿದ ಸಾಫ್ಟ್‌ವೇರ್ ಅಳಿಸಿ ಬೇರೆ ಫರ್ಮ್‌ವೇರ್ ತುಂಬುತ್ತಿದ್ದಳು. ಯಾವ್ಯಾವುದೋ ದೇಶದ ಜನ ಸೇರಿ ಬರೆದು, ಬೇಕಾದವರು ತಗೊಳ್ಳಿ, ತಿದ್ದಿ ಎಂದು ಪುಕ್ಕಟೆ ಕೊಟ್ಟದ್ದು.

"ಡಬ್ಬಿ ಅದೇ, ಒಳಗಿನ ಬುದ್ಧಿ ಬೇರೆ," ಎಂದಳು. "ಕಂಪನಿ ಬುದ್ಧಿ ಇದ್ರೆ ಪಕ್ಕದ ಕೋಣೆ ತನಕ ಅಷ್ಟೇ. ಇದನ್ನ ಹಾಕಿದ್ರೆ ನಾವು ಹೇಳಿದ ಹಾಗೆ ಕೇಳ್ತದೆ. ಒಂದಕ್ಕೆ ಹೇಳೋದು, ನೀನು ಕೂಗು ಅಂತ. ಇನ್ನೊಂದಕ್ಕೆ, ನೀನು ಅದರ ಕೂಗು ಒಂದನ್ನೇ ಕೇಳು ಅಂತ."

"ಗಂಡು ಕಪ್ಪೆ, ಹೆಣ್ಣು ಕಪ್ಪೆ ಇದ್ದ ಹಾಗೆ."

"ಹೆಣ್ಣು ಕಪ್ಪೆ ಕೂಗೋದಿಲ್ವಾ?"

"ಬಹಳ ಕಮ್ಮಿ. ಕೇಳ್ತದೆ, ಅಳೀತದೆ, ಇಷ್ಟ ಆದ್ರೆ ಹತ್ರ ಹೋಗ್ತದೆ."

"ಇಷ್ಟ ಆಗದಿದ್ರೆ?"

"ಪಾಪ, ಗಂಡು ಕೂಗ್ತಾನೇ ಇರ್ತದೆ."

ಅವನು ಇದನ್ನು ಪಾಠದ ಧಾಟಿಯಲ್ಲೇ ಹೇಳಿದ್ದ. ಹೇಳಿಯಾದ ಮೇಲೆ ಕಿವಿ ಕೆಂಪಾಯಿತು. ಚೇತನಾ ರೂಟರಿನ ಆಂಟೆನಾ ತಿರುಗಿಸುವ ನೆವದಲ್ಲಿ ತಲೆ ತಗ್ಗಿಸಿದಳು.

ಡಿಸೆಂಬರಿನಲ್ಲಿ ಅವಳೇ ವಜ್ರಳ್ಳಿಗೆ ಹೋಗಿ ಕೆರಿಯಪ್ಪನ ಮನೆಯ ಮಾಡಿಗೆ ಏಣಿ ಹಾಕಿ ಹತ್ತಿದಳು. ಹಿಟ್ಟಿನ ಜರಡಿಯ ಬಲೆಯನ್ನು ಆಂಟೆನಾದ ಹಿಂದೆ ಕಟ್ಟಿ, ಸಿಗ್ನಲ್ ಒಂದೇ ದಿಕ್ಕಿಗೆ ಹೋಗುವಂತೆ ಮಾಡಿದಳು. ಕೆರಿಯಪ್ಪ ಕೆಳಗಿನಿಂದ ಏಣಿ ಹಿಡಿದುಕೊಂಡು, "ತಂಗೀ, ಬಿದ್ದರೆ ಭಟ್ರ ಮೇಲೇ ಬೀಳು, ನನ್ನ ಮೇಲಲ್ಲ" ಎಂದ. ಸಂಜೆಯೊಳಗೆ ಗದ್ದೆ ದಾಟಿ ಇಂಟರ್ನೆಟ್ ಬಂತು. ಸುಮಂತನ ತಾಯಿ ಶ್ರೀಲಕ್ಷ್ಮಿ ಅವಳಿಗೆ ತಟ್ಟೆ ತುಂಬ ಕಬ್ಬಿನ ಹಾಲಿನ ತೊಡದೇವು ಇಟ್ಟು, ಮಗನ ಮುಖವನ್ನೂ ಅವಳ ಮುಖವನ್ನೂ ಒಂದೊಂದು ಸಲ ನೋಡಿ ಒಳಗೆ ಹೋದರು.

*

ಆಮೇಲೆ ಅವನು ಪ್ರತಿ ಶನಿವಾರ ಸಿರ್ಸಿಗೆ ಬರತೊಡಗಿದ. ಮೊದಮೊದಲು ಒಂದು ಕಾರಣ ಹೇಳುತ್ತಿದ್ದ. ವೈರು ಬೇಕು, ಅಡಾಪ್ಟರ್ ಬಿಸಿಯಾಗ್ತದೆ, ಲೈಬ್ರರಿಗೆ ಬಂದಿದ್ದೆ. ಬರುಬರುತ್ತ ಕಾರಣ ಹೇಳುವುದನ್ನು ಬಿಟ್ಟ. ಅವಳೂ ಶನಿವಾರ ಕೋಲಸಿರ್ಸಿಯ ಮನೆಯಿಂದ ಬರುವಾಗ ಬುತ್ತಿಗೆ ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಂಡು ಬರತೊಡಗಿದಳು.

"ಏನವಾ ಚೇತನಾ, ಶನಿವಾರ ನಿನಗ ಹಸಿವು ಭಾಳ ಆಗ್ತೈತೇನು?" ಎನ್ನುತ್ತಿದ್ದ ಅಂದಾನಪ್ಪ.

"ನಿಮಗೂ ಒಂದು ಬೇಕಾ ಕಾಕಾ?"

"ನನಗ ಬ್ಯಾಡವಾ. ನನ್ನ ಹೆಸರಿನ್ಯಾಗ ಬಂದದ್ದಲ್ಲ ಅದು."

ಏಪ್ರಿಲಿನಲ್ಲಿ ಸುಮಂತ ಓಡುತ್ತಲೇ ಅಂಗಡಿಗೆ ಬಂದ. ಶಿಲ್ಲಾಂಗಿನ ಒಂದು ಸಂಶೋಧನಾ ಸಂಸ್ಥೆ ಅವನನ್ನು ಇಂಟರ್‌ವ್ಯೂಗೆ ಕರೆದಿತ್ತು. ಎರಡು ವರ್ಷದ ಫೆಲೋಶಿಪ್, ಕಪ್ಪೆಗಳ ಮೇಲೇ. ಅಷ್ಟು ದೂರ ಬರುವುದು ಬೇಡ, ಮೇ ಹದಿನಾಲ್ಕು ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರಿನಲ್ಲೇ ಮುಖ ನೋಡಿ ಮಾತಾಡೋಣ ಎಂದು ಬರೆದಿದ್ದರು.

"ಬಿ.ಎಸ್ಸಿ. ಮಾಡಿ ಮೇಷ್ಟ್ರಾದವನನ್ನ ಯಾರು ಕರೀತಾರೆ ಅಂದ್ಕಂಡಿದ್ದೆ," ಎಂದ. "ಆದ್ರೆ ಇಂಗ್ಲಿಷು. ನಾಲ್ಕು ಜನ ಎದುರಿಗೆ ಕೂತು ಕೇಳಿದ್ರೆ ನನ್ನ ನಾಲಗೆ ಏಳೋದಿಲ್ಲ."

"ನನ್ನೆದುರಿಗೆ ಪ್ರ್ಯಾಕ್ಟೀಸ್ ಮಾಡಿ."

ಮೂರು ಶನಿವಾರ ಚೇತನಾ ಕೈಕಟ್ಟಿ, ಮುಖ ಗಂಟುಹಾಕಿ ಕೂತು, "ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್, ಮಿಸ್ಟರ್ ಭಟ್" ಎಂದಳು. ಮೊದಲ ವಾರ ಅವನು ನಕ್ಕು ನಕ್ಕು ಹಾಳುಮಾಡಿದ. ಎರಡನೇ ವಾರ ತಡವರಿಸಿದ. ಮೂರನೇ ವಾರ ಅವಳ ಕಣ್ಣಲ್ಲಿ ಕಣ್ಣಿಟ್ಟು, ತಾನು ಹುಡುಗನಾಗಿದ್ದಾಗ ಹಳ್ಳದಲ್ಲಿ ಕೇಳಿದ ಮೊದಲ ಕೂಗಿನಿಂದ ಹಿಡಿದು ಹದಿನೈದು ನಿಮಿಷ ನಿಲ್ಲದೆ ಮಾತಾಡಿದ.

ಮುಗಿದಾಗ ಅವಳಿಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಕೈ ಮಾತ್ರ ಏಳಲಿಲ್ಲ. ಇವನು ಗೆಲ್ತಾನೆ. ಎರಡು ವರ್ಷ ಶನಿವಾರ ಇರೋದಿಲ್ಲ.

*

ಮೇ ಮೊದಲ ವಾರ ಅವನು ಕೆರಿಯಪ್ಪನ ಮನೆಯ ರೂಟರನ್ನು ಬಿಚ್ಚಿಕೊಂಡು ಬಂದ. ದಿನಕ್ಕೊಮ್ಮೆ ತಾನಾಗಿ ನಿಂತುಹೋಗುತ್ತಿತ್ತು.

"ಹದಿನಾಲ್ಕಕ್ಕೆ ಕೈಕೊಡಬಾರದಲ್ಲ, ಒಮ್ಮೆ ನೋಡಿಬಿಡಿ."

ಅದಕ್ಕೆ ಬೇಕಿದ್ದದ್ದು ಹೊಸ ಅಡಾಪ್ಟರ್ ಅಷ್ಟೇ. ಚೇತನಾಳಿಗೆ ನೋಡಿದ ಕೂಡಲೇ ಗೊತ್ತಾಯಿತು.

ಆದರೆ ಅದೇ ವಾರ ಒಂದು ಲಾಡ್ಜಿನವರು ಮೂವತ್ತು ರೂಟರ್ ಕೇಳಿದ್ದರು. ಅದೇ ಮಾದರಿಯವು. ಇಂಟರ್ನೆಟ್ಟಿನಲ್ಲಿ ಆ ಮಾದರಿಗೆ ಹೊಸ ಫರ್ಮ್‌ವೇರ್ ಬಂದಿತ್ತು; ಇನ್ನೂ ಪರೀಕ್ಷೆಯಲ್ಲಿದೆ, ನೆಚ್ಚಿಕೊಂಡ ಯಂತ್ರಕ್ಕೆ ಹಾಕಬೇಡಿ ಎಂದು ಮೇಲೆಯೇ ಕೆಂಪಕ್ಷರದಲ್ಲಿ ಬರೆದಿತ್ತು. ಮೂವತ್ತಕ್ಕೆ ಹಾಕುವ ಮೊದಲು ಒಂದಕ್ಕೆ ಹಾಕಿ ನೋಡಬೇಕಿತ್ತು. ತನ್ನ ಮೇಜಿನ ಮೇಲಿಟ್ಟು ನೋಡಿದರೆ ಸಾಲದು. ನಿಜವಾದ ಮನೆಯಲ್ಲಿ, ನಿಜವಾದ ದೂರದಲ್ಲಿ ಓಡಬೇಕು.

ಸುಮಂತ ಚಹಾ ತರಲು ಹೊರಗೆ ಹೋಗಿದ್ದ. ಐದು ನಿಮಿಷದ ಕೆಲಸ. ಹೊಸ ಅಡಾಪ್ಟರಿನ ಜೊತೆ ಅವಳು ಅದನ್ನೂ ಹಾಕಿಬಿಟ್ಟಳು.

"ಸರಿ ಆಯ್ತಾ?" ಎಂದ, ಎರಡು ಲೋಟ ಹಿಡಿದು ಬಂದವನು.

"ಆಯ್ತು. ಇನ್ನು ತೊಂದರೆ ಇಲ್ಲ."

ಹದಿಮೂರರ ಸಂಜೆ ವಜ್ರಳ್ಳಿಯಲ್ಲಿ ಗುಡುಗು ಸಿಡಿಲು ಜೋರಾಗಿತ್ತು. ರೂಟರಿಗೆ ಏನೂ ಆಗಲಿಲ್ಲ. ಆಮೇಲೂ ಸುಮಂತ ಮೇಲ್ ನೋಡಿದ್ದ. ಹದಿನಾಲ್ಕರ ಬೆಳಿಗ್ಗೆ ಹತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಾಗ ಇಂಟರ್ನೆಟ್ ಇರಲಿಲ್ಲ.

ಅವನು ಗದ್ದೆ ದಾಟಿ ಓಡಿದ. ಕೆರಿಯಪ್ಪನ ಮನೆಯಲ್ಲಿ ರೂಟರಿನ ದೀಪ ಮಿಟುಕುತ್ತಿತ್ತು, ಅಷ್ಟೇ. ಫೋನ್ ಲೈನು ಸರಿಯಾಗಿತ್ತು, ಆದರೆ ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ವಾಪಸು ಓಡಿ ಬಂದು, ಮಾನಿಟರನ್ನು ಕಂಬಳಿಯಲ್ಲಿ ಸುತ್ತಿ ಕೆರಿಯಪ್ಪನ ತಲೆಗೆ ಹೊರಿಸಿ, ಸಿ.ಪಿ.ಯು. ತಾನು ಎದೆಗವಚಿ, ಗದ್ದೆಯ ಬದುವಿನ ಮೇಲೆ ನಡೆದ. ಕೆಸರಿನಲ್ಲಿ ಎರಡು ಸಲ ಜಾರಿ ಬಿದ್ದ. ಎಲ್ಲ ಜೋಡಿಸಿ, ಬ್ರಾಡ್‌ಬ್ಯಾಂಡಿನ ಮೋಡೆಮ್ಮಿಗೇ ವೈರು ನೇರ ಚುಚ್ಚಿ, ಸಂಪರ್ಕ ಸಿಗುವಾಗ ಹನ್ನೆರಡು ಕಳೆದಿತ್ತು. ಎದುರುಗಡೆ ಯಾರೂ ಇರಲಿಲ್ಲ. ಫೋನ್ ಮಾಡಿದರೆ, ಸಮಿತಿಯವರು ಎದ್ದುಹೋದರು, ಮುಂದಿನ ವರ್ಷ ಪ್ರಯತ್ನ ಮಾಡಿ ಎಂದರು.

ಇದನ್ನೆಲ್ಲ ಅವನು ಮರುದಿನ ಅಂಗಡಿಯಲ್ಲಿ ನಿಂತು ಹೇಳಿದ. ದೂರುವ ಧ್ವನಿಯಲ್ಲಲ್ಲ. ಆಯಾಸದ ಧ್ವನಿಯಲ್ಲಿ. ಆಮೇಲೆ ರೂಟರನ್ನು ಮೇಜಿನ ಮೇಲಿಟ್ಟ.

"ಸಂಜೆಯ ಸಿಡಿಲಿನದೇ ಪೆಟ್ಟು ಇರ್ಬೇಕು. ರಾತ್ರಿ ತನಕ ಹೆಂಗೋ ತಡ್ಕಂಡು ಬೆಳಿಗ್ಗೆ ಸತ್ತಿತು. ಅಲ್ದಾ?"

ಚೇತನಾ ಅದನ್ನು ಬಿಚ್ಚಿದಳು. ಸಿಡಿಲು ಹೊಡೆದ ಬೋರ್ಡನ್ನು ಅವಳು ನೂರು ನೋಡಿದ್ದಳು. ಕಪ್ಪು ಕಲೆ, ಸೀದ ವಾಸನೆ, ಒಡೆದ ಚಿಪ್. ಇದರಲ್ಲಿ ಒಂದು ಗೀರೂ ಇರಲಿಲ್ಲ. ಕರೆಂಟು ಕೊಟ್ಟಳು, ಪವರ್ ದೀಪ ಒಂದೇ ಲಯದಲ್ಲಿ ಮಿಟುಕಿತು. ಒಳಗಿನ ಫರ್ಮ್‌ವೇರ್ ಕೆಟ್ಟರೆ ಮಾತ್ರ ಹಾಗೆ ಮಿಟುಕುವುದು. ಅವಳೇ ತುಂಬಿದ್ದು.

ಸುಮಂತ ಕಾಯುತ್ತಿದ್ದ. ಅವನ ಇಸ್ತ್ರಿ ಅಂಗಿಯ ತೋಳಿಗೆ ಒಣಗಿದ ಕೆಸರು ಇನ್ನೂ ಅಂಟಿತ್ತು. ಅಂಗಿ ಬದಲಿಸಿರಲೂ ಇಲ್ಲ ಅವನು.

"ಹೌದು," ಎಂದಳು ಚೇತನಾ. "ಸಿಡಿಲು."

"ಬಿಡಿ. ಸಿಡಿಲಿಗೆ ಯಾರು ಎಂತ ಮಾಡೋಕಾಗ್ತದೆ." ಅವನು ನಗಲು ಪ್ರಯತ್ನಿಸಿದ. "ಇಲ್ಲೇ ಇರು ಅಂತ ಬರೆದಿತ್ತು ಕಾಣ್ತದೆ. ಶನಿವಾರ ಬರ್ತೆ."

ಶನಿವಾರ ಬರ್ತೆ ಎಂದ ಕೂಡಲೇ ಅವಳ ಮೈಯೆಲ್ಲ ಹಗುರಾಯಿತು. ಅವನು ಹೋಗುವುದಿಲ್ಲ! ಆ ಹಗುರವನ್ನು ಅವಳು ಗುರುತಿಸಿದ್ದು ಅವನು ಬಾಗಿಲು ದಾಟಿದ ಮೇಲೆ. ತಪ್ಪಾದದ್ದು ಒಂದು, ಮುಚ್ಚಿಟ್ಟದ್ದು ಎರಡು. ಅವೆರಡಕ್ಕಿಂತ ಕೆಟ್ಟದ್ದು, ಖುಷಿಯಾದದ್ದು.

ಅಂದಾನಪ್ಪ ಬಾಗಿಲಲ್ಲಿ ನಿಂತಿದ್ದ. ಬಿಚ್ಚಿದ ರೂಟರ್ ಕಡೆ ನೋಡಿ, ಮೂಗಿನಿಂದ ಉಸಿರೆಳೆದುಕೊಂಡ.

"ಸೀದ ವಾಸನಿ ಇಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದ.

*

ಲಾಡ್ಜಿನ ಮೂವತ್ತಕ್ಕೂ ಅವಳು ಹಳೆಯ ಫರ್ಮ್‌ವೇರನ್ನೇ ಹಾಕಿದಳು. ಅವು ಒಂದೂ ಕೆಡಲಿಲ್ಲ.

ಹೇಳಿಬಿಡಬೇಕು ಎಂದು ಪ್ರತಿ ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅಂದುಕೊಳ್ಳುವಳು. ಮೊದಲ ವಾಕ್ಯ ದಾರಿಯಲ್ಲಿ ಕಾನಸೂರು ಬರುವ ಹೊತ್ತಿಗೆ ತಯಾರಾಗುತ್ತಿತ್ತು. ಸಿರ್ಸಿ ಬರುವಾಗ ಎರಡನೆಯದೂ ತಯಾರು. ಅಂಗಡಿಯ ಮುಂದೆ ಅವನು ಚೀಲ ಹೆಗಲಿಗೇರಿಸಿ ನಿಂತಿರುತ್ತಿದ್ದ, ಅವಳನ್ನು ಕಂಡು ಮುಖ ಅರಳುತ್ತಿತ್ತು, ಎರಡೂ ವಾಕ್ಯ ಹಾರಿಹೋಗುತ್ತಿದ್ದವು.

ಆ ಮಳೆಗಾಲ ಅವನು ಮೊದಲಿಗಿಂತ ಹೆಚ್ಚು ಬಂದ. ರಜೆಯ ದಿನ ಅವಳ ಜೊತೆ ಹಳ್ಳಿಗಳಿಗೂ ಹೊರಟ. ಅವಳು ಮಾಡು ಹತ್ತಿದರೆ ಇವನು ಕೆಳಗಿಂದ ವೈರು ಕೊಡುವವನು. ಊಟದ ಹೊತ್ತಿಗೆ ತನ್ನ ಹೆಡ್‌ಫೋನನ್ನು ಅವಳ ಕಿವಿಗೆ ಹಾಕುತ್ತಿದ್ದ. ಒಂದು ಕಪ್ಪೆ ಸೈಕಲ್ ಬೆಲ್ಲಿನಂತೆ, ಒಂದು ಗಂಟಲು ಸರಿಮಾಡಿಕೊಳ್ಳುವ ಮುದುಕನಂತೆ, ಒಂದು ನೀರಿಗೆ ಕಲ್ಲು ಬಿದ್ದಂತೆ.

"ಇದು ಯಾವುದು ಹೇಳು?" ಎಂದು ಕೇಳಿದ ಒಂದು ದಿನ.

ಚೇತನಾ ಕಪ್ಪೆಯ ಹೆಸರು ಹೇಳಲಿಲ್ಲ. ಅವನು ‘ಹೇಳಿ’ ಎನ್ನದೆ ‘ಹೇಳು’ ಎಂದದ್ದನ್ನೇ ಕೇಳುತ್ತಿದ್ದಳು. ಅವನಿಗೂ ಗೊತ್ತಾಯಿತು. ಕಿವಿ ಕೆಂಪಾಯಿತು. ಆದರೂ ‘ಹೇಳಿ’ಗೆ ವಾಪಸು ಹೋಗಲಿಲ್ಲ.

ಇಷ್ಟು ಒಳ್ಳೆಯದೆಲ್ಲ ಆಗುತ್ತಿರುವಾಗ ಅವಳಿಗೆ ನಿದ್ದೆ ಕಮ್ಮಿಯಾಯಿತು. ಅವ್ವ ಚೌಡಮ್ಮ, "ಎಂತದೇ, ಮೈಗೆ ಊಟ ಹತ್ತೂದಿಲ್ಲ?" ಎಂದು ಕೇಳಿದರೆ ಸೆಖೆ ಎನ್ನುವಳು. ಆಗಸ್ಟಿನಲ್ಲಿ ಎಂಥ ಸೆಖೆ? ಸತ್ತ ರೂಟರನ್ನು ಬಿಸಾಡಲೂ ಆಗದೆ, ರಿಪೇರಿ ಮಾಡಲೂ ಆಗದೆ, ಮೇಜಿನ ಕೆಳಡ್ರಾವರಿನಲ್ಲಿ ಇಟ್ಟಿದ್ದಳು. ಡ್ರಾವರ್ ಎಳೆಯುವ ಕೆಲಸ ಬಂದರೆ ಕೈ ಅರ್ಧಕ್ಕೆ ನಿಲ್ಲುತ್ತಿತ್ತು.

ಅಕ್ಟೋಬರಿನಲ್ಲಿ ತ್ಯಾಗಲಿಯ ಒಂದು ಮನೆಗೆ ಸಂಪರ್ಕ ಕೊಟ್ಟು, ಇಬ್ಬರೂ ಬಸ್ಸಿಗೆ ಕಾಯುತ್ತ ಮೋರಿಕಟ್ಟೆಯ ಮೇಲೆ ಕೂತಿದ್ದರು. ಮಧ್ಯಾಹ್ನದ ಬಿಸಿಲು. ಗದ್ದೆಯಲ್ಲಿ ತೆನೆ ಬಾಗತೊಡಗಿತ್ತು.

"ಚೇತನಾ, ನಾನು ಪಾಠ ಮಾಡೋ ಹಂಗೆ ಹೇಳ್ತೆ, ನಗಬೇಡ," ಎಂದ ಸುಮಂತ. "ನನಗೆ ನಿನ್ನ ಮದುವೆ ಆಗ್ಬೇಕು ಅಂತಿದೆ."

ಅವಳು ನಗಲಿಲ್ಲ.

"ಭಟ್ಟರ ಮನೆಗೆ ನಾಯ್ಕರ ಮನೆ ಹುಡುಗಿ ಅಂದ್ರೆ ಗಲಾಟೆ ಆಗ್ತದೆ. ಅಮ್ಮಂಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಆ ಕೂಸು ಸುಳ್ಳು ಪಳ್ಳು ಹೇಳೋದಿಲ್ಲೆ, ಅಷ್ಟು ಗೊತ್ತಿದ್ದು ಅಂದ್ರು. ಅಪ್ಪನನ್ನ ನಾನು ಒಪ್ಪಿಸ್ತೆ."

ಚೇತನಾ ಮೋರಿಕಟ್ಟೆಯ ಸಿಮೆಂಟನ್ನು ಉಗುರಿನಿಂದ ಕೆರೆದಳು. ಇವನು ಮನೆಯವರನ್ನೆಲ್ಲ ಎದುರು ಹಾಕಿಕೊಳ್ಳಲು ಹೊರಟಿದ್ದಾನೆ. ಯಾರಿಗಾಗಿ?

"ಇಷ್ಟ ಇಲ್ವಾ?" ಮೆಲ್ಲಗೆ ಕೇಳಿದ.

"ಅದಲ್ಲ. ಶನಿವಾರ ಅಂಗಡಿಗೆ ಬನ್ನಿ. ಅಲ್ಲಿ ಹೇಳ್ತೆ."

*

ಶನಿವಾರ ಅವನು ಹೊಸ ಅಂಗಿ ಹಾಕಿ ಬಂದಿದ್ದ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ಕೂತ್ಕೊಳ್ಳಿ," ಎಂದಳು. ಕೆಳಡ್ರಾವರಿನಿಂದ ರೂಟರ್ ತೆಗೆದಳು. ಬೋರ್ಡಿನ ನಾಲ್ಕು ಚುಕ್ಕೆಗೆ ವೈರು ಜೋಡಿಸಿ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಕೊಟ್ಟಳು. ಒಂದು ವೈರು ಎರಡು ಸಲ ಕಳಚಿತು. ಪರದೆಯ ಮೇಲೆ ಸಾಲುಗಳು ಓಡಿದವು. ಹಳೆಯ, ಗಟ್ಟಿ ಫರ್ಮ್‌ವೇರನ್ನು ಮತ್ತೆ ತುಂಬಿದಳು. ಆರು ನಿಮಿಷ.

ಮಿಟುಕುತ್ತಿದ್ದ ದೀಪ ನಿಂತು ಉರಿಯಿತು.

ಸುಮಂತ ಮುಂದೆ ಬಾಗಿದ. "ಅರೇ! ಇದು ನಮ್ಮದಲ್ವಾ? ಸಿಡಿಲು ಹೊಡೆದದ್ದು?"

"ಸಿಡಿಲು ಹೊಡೆದದ್ದು ಬದುಕೋದಿಲ್ಲ, ಸುಮಂತ. ಇದಕ್ಕೆ ಸಿಡಿಲು ಹೊಡೆದೇ ಇಲ್ಲ."

ಅವಳು ಎಲ್ಲ ಹೇಳಿದಳು. ಕೆಂಪಕ್ಷರ, ಲಾಡ್ಜಿನ ಮೂವತ್ತು, ಅವನು ಚಹಾ ತರಲು ಹೋದ ಐದು ನಿಮಿಷ. ತನಗಾಗಿ ಒಂದು ನೆವವನ್ನೂ ಸೇರಿಸಲಿಲ್ಲ.

"ಆವತ್ತೇ ಗೊತ್ತಿತ್ತಾ?"

"ಬಿಚ್ಚಿದ ಕೂಡಲೇ."

"ಐದು ತಿಂಗಳು." ಅವನು ತನಗೇ ಹೇಳಿಕೊಂಡ. "ನಾನು ಎಲ್ಲರ ಹತ್ರ ಹೇಳ್ಕಂಡು ತಿರುಗಿದೆ, ಸಿಡಿಲು ಸಿಡಿಲು ಅಂತ. ದೇವರು ಬೇಡ ಅಂದ ಅಂತ. ಮಕ್ಕಳಿಗೆ ಕ್ಲಾಸಿನಲ್ಲಿ ಹೇಳಿದೆ."

"ಇನ್ನೂ ಒಂದಿದೆ. ಅದನ್ನೂ ಹೇಳದಿದ್ರೆ ಇದೂ ಸುಳ್ಳೇ ಆಗ್ತದೆ." ಅವಳು ರೂಟರಿನಿಂದ ಕಣ್ಣೆತ್ತಿ ಅವನನ್ನು ನೋಡಿದಳು. "ನೀವು ಹೋಗೋದಿಲ್ಲ ಅಂದಾಗ ನನಗೆ ಖುಷಿ ಆಯ್ತು."

ಅವನು ಎದ್ದು ನಿಂತ. ಈ ಸಲ ಕಿವಿ ಕೆಂಪಾಗಲಿಲ್ಲ. ಮುಖವೇ ಬಿಳಿಚಿತ್ತು. ಬಾಗಿಲ ತನಕ ಹೋಗಿ ತಿರುಗಿದ.

"ಬರ್ತೇನೆ, ಚೇತನಾ ಅವರೇ. ನಿಮ್ಮ ಅಡಾಪ್ಟರಿನದು ಏನಾದ್ರೂ ಕೊಡೋದು ಉಳಿದಿದ್ರೆ ಕೆರಿಯಪ್ಪನ ನಂಬರಿಗೆ ತಿಳಿಸಿ."

‘ಅವರೇ’. ‘ನಿಮ್ಮ’. ಬೈದಿದ್ದರೆ ಚೆನ್ನಾಗಿತ್ತು.

ಅವನು ಹೋದ ಮೇಲೆ ಅಂದಾನಪ್ಪ ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ನಿಮಗೆ ಮೊದಲೇ ಗೊತ್ತಿತ್ತಲ್ಲ ಕಾಕಾ, ಯಾಕೆ ಹೇಳಲಿಲ್ಲ?"

"ನೀನ ಹೇಳ್ಬೇಕಿತ್ತವಾ. ನಾ ಹೇಳಿದ್ರ ಅದು ಚಾಡಿ ಆಗ್ತಿತ್ತು."

*

ನವೆಂಬರ್, ಡಿಸೆಂಬರ್. ಶನಿವಾರ ಬಂದವು, ಹೋದವು. ಚೇತನಾ ಬುತ್ತಿಗೆ ರೊಟ್ಟಿ ಕಮ್ಮಿ ಮಾಡಿಸಿದಳು.

ಒಂದು ಮಧ್ಯಾಹ್ನ ಶಿಲ್ಲಾಂಗಿನ ಸಂಸ್ಥೆಗೆ ಒಂದು ಕಾಗದ ಬರೆಯಲು ಕೂತಳು. ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು. ನಾಲ್ಕು ಸಲ ಹರಿದಳು. ಮೇ ಹದಿನಾಲ್ಕರಂದು ಸುಮಂತ ಭಟ್ಟರು ಬರದೇ ಇದ್ದದ್ದು ಅವರ ಅಸಡ್ಡೆಯಿಂದಲ್ಲ, ಸಿಡಿಲಿನಿಂದಲೂ ಅಲ್ಲ, ನನ್ನಿಂದ. ನಾನು ಹೀಗೆ ಮಾಡಿದೆ, ಹೀಗೆ ಮುಚ್ಚಿಟ್ಟೆ. ಅವರು ಕಂಪ್ಯೂಟರ್ ಹೊತ್ತುಕೊಂಡು ಗದ್ದೆ ದಾಟಿದರು. ಕೊನೆಗೆ ಹೆಸರು, ಅಂಗಡಿಯ ವಿಳಾಸ, ಸಹಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. ಸುಮಂತನಿಗೂ ತಿಳಿಸಲಿಲ್ಲ, ತಿಳಿಸಿದರೆ ಕ್ಷಮೆ ಬೇಡಿದಂತೆ ಆಗುತ್ತದೆ, ಅದಕ್ಕೆ ತನಗೇನು ಹಕ್ಕು ಎನ್ನಿಸಿತು.

ಫೆಬ್ರುವರಿಯ ಕೊನೆಯಲ್ಲಿ ಅವನು ಬಂದ. ಸ್ವಲ್ಪ ತೆಳ್ಳಗಾಗಿದ್ದ.

"ಮತ್ತೆ ಅರ್ಜಿ ಹಾಕಿದ್ದೆ. ಮಾರ್ಚ್ ಹನ್ನೆರಡಕ್ಕೆ ಇಂಟರ್‌ವ್ಯೂ," ಎಂದ, ಅವಳ ಮುಖ ನೋಡದೆ. "ಇಲ್ಲಿ ಕೂತು ಕೊಡಬಹುದಾ?"

"ಇಲ್ಲಾ? ನನ್ನ ಹತ್ರಾನಾ?"

"ಈ ಮೂರು ತಾಲೂಕಿನಲ್ಲಿ ಈ ಕೆಲಸ ನಿಮ್ಮಷ್ಟು ಬಲ್ಲವರು ಇಲ್ಲ. ಅದಕ್ಕೆ ಬಂದೆ. ಬೇರೆ ಎಂತಕ್ಕೂ ಅಲ್ಲ."

ಅವಳು ಅವನ ಕಿವಿ ನೋಡಿದಳು. ಅಲ್ಲಿ ಸ್ವಲ್ಪ ಬಣ್ಣ ಇತ್ತು. ಇದ್ದಂತೆ ತನಗೆ ಕಂಡಿರಬಹುದು ಎಂದುಕೊಂಡಳು.

ಹನ್ನೆರಡು ದಿನ ಅವಳು ಒಂದೇ ರೂಟರನ್ನು ಓಡಿಸಿ ಓಡಿಸಿ ನೋಡಿದಳು. ಅದರ ಹೊಟ್ಟೆಯಡಿಯ ಚೀಟಿಯ ಮೇಲಿನ ಮಾದರಿಯ ನಂಬರನ್ನು, ಫರ್ಮ್‌ವೇರಿಗೆ ಹೊಂದುತ್ತದೆಯೇ ಎಂದು, ಮೂರು ಸಲ ಓದಿದಳು. ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ತಯಾರು ಮಾಡಿಟ್ಟಳು. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿದಳು.

ಆ ದಿನ ಅಂದಾನಪ್ಪ ಶಟರ್ ಅರ್ಧ ಎಳೆದು ಹೊರಗೆ ಕುರ್ಚಿ ಹಾಕಿ ಕೂತ. "ಇವತ್ತ ಟಿ.ವಿ. ಇಲ್ರಿ, ಏನೂ ಇಲ್ರಿ, ನಾಳೆ ಬರ್ರಿ." ಚೇತನಾ ಹಿಂದಿನ ಕೋಣೆಯ ಬಾಗಿಲಾಚೆ ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಳು. ಒಳಗಿಂದ ಅವನ ಇಂಗ್ಲಿಷು ಕೇಳುತ್ತಿತ್ತು. ಅವಳೆದುರು ಪ್ರ್ಯಾಕ್ಟೀಸ್ ಮಾಡಿದ್ದಕ್ಕಿಂತ ಚೆನ್ನಾಗಿತ್ತು. ನಡುವೆ ಕರೆಂಟು ಹೋಯಿತು. ಯು.ಪಿ.ಎಸ್. ಕಿರುಗುಟ್ಟಿತು. ಅವನ ಮಾತು ನಿಲ್ಲಲಿಲ್ಲ.

ಐವತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು. ಅವನು ಅವಳನ್ನು ನೆಲದ ಮೇಲೆ ಕಂಡು, ತಾನೂ ಎದುರಿನ ಗೋಡೆಗೊರಗಿ ಕೆಳಗೆ ಕೂತ.

"ಹೋದ ವರ್ಷ ಎಂತಕ್ಕೆ ಬರಲಿಲ್ಲ ಅಂತ ಕೇಳಿದ್ರು."

"ಎಂತ ಹೇಳಿದ್ರಿ?"

"ಸಂಪರ್ಕ ಸಿಗಲಿಲ್ಲ ಅಂದೆ. ಅಷ್ಟೇ. ಯಾರ ಹೆಸರೂ ಹೇಳಲಿಲ್ಲ. ಆಗ ಅವರಲ್ಲೊಬ್ಬರು ಫೈಲಿನಿಂದ ಒಂದು ಕಾಗದ ತೆಗೆದು 'ನಮಗೆ ಗೊತ್ತು' ಅಂದ್ರು. ಓದಿದ್ರು. ಪೂರ್ತಿ. ಎಲ್ಲರೆದುರಿಗೆ."

ಚೇತನಾ ಮುಖ ಮುಚ್ಚಿಕೊಂಡಳು. "ಪೂರ್ತಿಯಾ?"

"‘ಅವರು ಹೋಗದೆ ಉಳಿದದ್ದಕ್ಕೆ ನನಗೆ ಸಂತೋಷವಾಯಿತು, ಅದಕ್ಕೂ ಕ್ಷಮಿಸಿ’ ಅನ್ನೋದು ಸಮೇತ. ಅದನ್ನ ಶಿಲ್ಲಾಂಗಿನವರಿಗೆ ಬರೀಬೇಕಿತ್ತಾ ಮಾರಾಯ್ತಿ?"

"ಹೇಳೋದಾದ್ರೆ ಪೂರ್ತಿ ಹೇಳ್ಬೇಕಲ್ಲ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. "ನನಗೆ ಬಹಳ ಸಿಟ್ಟಿತ್ತು ಚೇತನಾ. ರೂಟರಿಗಲ್ಲ. ಐದು ತಿಂಗಳು ನನ್ನ ಸಮಾಧಾನ ನೋಡ್ತಾ ಕೂತ್ಯಲ್ಲ, ಅದಕ್ಕೆ. ಈಗಲೂ ಒಂಚೂರು ಉಳಿದಿದೆ. ಇಲ್ಲೆ ಅಂದ್ರೆ ಅದು ಸುಳ್ಳಾಗ್ತದೆ."

"ಇರಲಿ," ಎಂದಳು. "ನನ್ನ ನಾಚಿಕೆಯೂ ಪೂರ್ತಿ ಹೋಗಿಲ್ಲ. ಹೋಗೋದೂ ಬೇಡ."

ಅವನು ‘ಕೂತ್ಯಲ್ಲ’ ಎಂದಿದ್ದ. ಅದು ಅವಳ ಎದೆಗೆ ತಾಕಿದ್ದು ಆಮೇಲೆ.

"ಜೂನ್ ಒಂದಕ್ಕೆ ಬಂದು ಸೇರ್ತೀಯಾ ಅಂತ ಕೇಳಿದ್ರು," ಎಂದ ಸುಮಂತ. "ಎರಡು ವರ್ಷ."

ಅವಳು ತನ್ನೊಳಗೆ ಹುಡುಕಿ ನೋಡಿದಳು. ನೋವಿತ್ತು, ಇಲ್ಲದೆ ಇರುತ್ತದೆಯೇ? ಆದರೆ ಅದರ ಮೇಲೆ, ಅದಕ್ಕಿಂತ ಎತ್ತರದಲ್ಲಿ, ಸಂತೋಷವೂ ಇತ್ತು. ಅವನಿಗೆ ಸಿಕ್ಕಿತಲ್ಲ ಎನ್ನುವ ಸಂತೋಷ. ಅದನ್ನು ಯಾರಿಂದಲೂ ಮುಚ್ಚಿಡಬೇಕಿರಲಿಲ್ಲ.

"ಸೇರ್ತೆ ಅಂತ ಹೇಳಿದ್ರಿ ತಾನೇ?"

"ಹೇಳಿದೆ. ಆದ್ರೆ ಮೊದಲು ಊರಲ್ಲಿ ಒಬ್ಬಳು ನನಗೊಂದು ಉತ್ತರ ಕೊಡೋದಿದೆ, ಅಕ್ಟೋಬರಿಂದ ಬಾಕಿ ಇದೆ ಅಂತಲೂ ಹೇಳಿದೆ."

"ಅವರೆದುರಿಗಾ! ಇಂಗ್ಲಿಷಿನಲ್ಲಾ?"

"ಇಂಗ್ಲಿಷಿನಲ್ಲೇ. ಒಬ್ಬರು ಚಪ್ಪಾಳೆ ತಟ್ಟಿದ್ರು." ಅವನ ಕಿವಿ ಉರಿಯುವಂತೆ ಕೆಂಪಾಗಿತ್ತು. "ಈಗ ಕನ್ನಡದಲ್ಲಿ ನೀನು ಹೇಳು."

ಹೊರಗೆ ಅಂದಾನಪ್ಪ ಯಾರಿಗೋ ನಾಳೆ ಬರ್ರಿ ಎನ್ನುತ್ತಿದ್ದ. ಚೇತನಾ ನೆಲದ ಮೇಲೆ ಸರಿದು, ಅವನಿದ್ದ ಗೋಡೆಯ ಬದಿಗೆ ಬಂದು ಕೂತಳು. ಕೆಸರಿನ ಬೂಟು, ಹೆಗಲ ಚೀಲ, ಎಲ್ಲ ಹತ್ತಿರದಲ್ಲಿತ್ತು.

"ಮೇ ತಿಂಗಳೊಳಗೆ ಮದುವೆ ಆಗ್ಬೇಕು," ಎಂದಳು. "ಆಮೇಲೆ ನೀನು ಹೋಗು. ಎರಡು ವರ್ಷ ಪೂರ್ತಿ ಮುಗಿಸಿ ಬಾ. ಒಂದು ದಿನ ಮೊದಲು ಬಂದ್ರೂ ಒಳಗೆ ಬಿಡೋದಿಲ್ಲ."

ಮೊದಲ ಸಲ ಅವನಿಗೆ ‘ನೀನು’ ಎಂದಿದ್ದಳು. ಅದನ್ನು ಕೇಳಿಸಿಕೊಂಡ ಅವನ ಕಿವಿಯನ್ನೇ ಅವಳು ನೋಡುತ್ತ ಕೂತಳು.